ಆಮೇಲೆ ಯಾವ ಡಬ್ಬಿ?

ಸೋಮಮ್ಮ ಡಬ್ಬಿಯನ್ನು ಹಿಟ್ಟಿನ ಗಿರಣಿಯ ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ಮೊಮ್ಮಗುವಿಗೆಂದು ಬೀಸಿಸಿದ ರಾಗಿಸರಿ ಹಿಟ್ಟು. ಒಂದು ಚಮಚ ತಿನ್ನಿಸಿದ್ದೇ ತಡ, ಮಗು ಬಾಯುರಿದು ಅತ್ತಿತಂತೆ. ಗಿರಣಿಯವನ ಹೆಂಡತಿ ಪ್ರೇಮಲೀಲಾ ಚಿಟಿಕೆ ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದಳು. ಖಾರ. ಮೆಣಸಿನಕಾಯಿ ಬೀಸಿದ ಕಲ್ಲನ್ನು ಎರಡು ಹಿಡಿ ನುಚ್ಚು ಬೀಸಿ ಶುಚಿ ಮಾಡುವ ಮೊದಲೇ ಅವಳ ಗಂಡ ರಾಗಿ ಸುರಿದಿದ್ದ. ಹೊಸದಾಗಿ ಬೀಸಿಕೊಡುತ್ತೇನೆಂದು ಹೇಳುವಾಗ ಅವಳಿಗೆ ತಲೆಯೆತ್ತಲಾಗಲಿಲ್ಲ.

ಗಂಡ ಶಿವರುದ್ರಪ್ಪನೆಂದರೆ ರಾಮಕೃಷ್ಣನಗರದಲ್ಲಿ ಹತ್ತು ಡಬ್ಬಿಗಳ ಸರದಿಯನ್ನು ಬಾಯಲ್ಲೇ ಹೇಳುತ್ತಿದ್ದ ಮನುಷ್ಯ. ಹೋದ ವರ್ಷ, ತೊಂಬತ್ತೆಂಟರಲ್ಲಿ, ಸ್ಕೂಟರಿನಿಂದ ಬಿದ್ದು ಹಣೆ ಒಡೆದುಕೊಂಡ. ಹೆಲ್ಮೆಟ್ಟು ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಗಾಯ ಮಾಗಿತು, ಕಲೆ ವಿಭೂತಿಯಡಿ ಮುಚ್ಚಿಹೋಯಿತು, ನೆಂಟರಿಷ್ಟರೆಲ್ಲ ವಾಸಿಯಾಯಿತೆಂದರು. ಆದರೆ ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. "ಆಮೇಲೆ ಯಾವ್ದು, ಲೀಲಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಮೈಗಳ್ಳತನಕ್ಕೆ ಮದ್ದಿಲ್ಲವೆಂದು ಅವಳು ಹನ್ನೊಂದು ಸಲ ಬೈಯುತ್ತಿದ್ದಳು. ಬೈದು ಬೈದು ಅವಳೂ ಸೋತಿದ್ದಳು. ಗಿರಣಿಯ ಯಜಮಾನರಾದ ಭಾವ ವಿಶ್ವನಾಥ್ ಅಂತೂ, ತಿಂಗಳ ಕೊನೆಗೆ ತಮ್ಮನನ್ನು ಬಿಡಿಸಿ ಗಿರಣಿಯನ್ನು ಬೇರೆಯವರಿಗೆ ವಹಿಸುವುದೆಂದು ಹೇಳಿಬಿಟ್ಟಿದ್ದರು.

ಇದೊಂದು ಆಗಿಹೋಗಲೆಂದು ಅವಳು ಗಂಡನನ್ನು ಕುವೆಂಪುನಗರದ ಡಾಕ್ಟರ ಬಳಿ ಕರೆದೊಯ್ದಳು. ಅವರು ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿದರು. ಶುಕ್ರವಾರ ಎಂದವನು ಮುಂದೆ ತೋಚದೆ ಹೆಂಡತಿಯ ಮುಖ ನೋಡಿದ.

ಡಾಕ್ಟರು ತಮ್ಮ ಹಣೆ ಮುಟ್ಟಿ ತೋರಿಸಿದರು. "ಇದರ ಹಿಂದಿರೋ ಮಿದುಳಿನ ಭಾಗಾನೇ ಒಂದರ ಮೇಲೆ ಗಮನ ಇಡೋದು, ಈಗೇನು, ಆಮೇಲೇನು ಅಂತ ಹಿಡಿದಿಟ್ಕೊಳ್ಳೋದು. ಪೆಟ್ಟು ಬಿದ್ದಿರೋದು ಅಲ್ಲಿಗೆ. ಇದು ಸೋಮಾರಿತನ ಅಲ್ಲಮ್ಮ."

ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ, ಒಂದು ಸಲಕ್ಕೆ ಒಂದೇ ಕೆಲಸವನ್ನು ಕಣ್ಣೆದುರಿಡಿ ಎಂದರು.

ಹೊರಗೆ ಬಂದಮೇಲೆ ಶಿವರುದ್ರಪ್ಪ ಮೆಲ್ಲಗೆ ಹೇಳಿದ. "ನೀನು ಹೇಳಿ ಹೇಳಿ, ನಾನು ಮೈಗಳ್ಳ ಆಗ್ಬುಟ್ಟೆ ಅಂತ ನಾನೂ ನಂಬಿಬುಟ್ಟಿದ್ದೆ ಕಣೆ."

ಪ್ರೇಮಲೀಲಾಗೆ ತನ್ನ ನಾಲಿಗೆಯ ಮೇಲೇ ಅಸಹ್ಯ ಬಂತು. ಅಳಬೇಕೆನಿಸಿತು, ಅಳುವುದಕ್ಕೂ ತ್ರಾಣವಿರಲಿಲ್ಲ.

ಮರುದಿನ ಬೆಳಿಗ್ಗೆ ಮೆಣಸಿನಕಾಯಿ ಬೀಸುವುದಿಲ್ಲವೆಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ಕಟ್ಟಿದಳು. ಡಬ್ಬಿಗಳನ್ನೆಲ್ಲ ತನ್ನ ಸ್ಟೂಲಿನ ಹಿಂದಕ್ಕೆ ಸರಿಸಿ, ಗಂಡನ ಮುಂದೆ ಸೋಮಮ್ಮನ ರಾಗಿಯೊಂದನ್ನೇ ಇಟ್ಟಳು. ಅಷ್ಟರಲ್ಲಿ ಬಂದ ವಿಶ್ವನಾಥ್, ಒಬ್ಬರ ಕೆಲಸಕ್ಕೆ ಇಬ್ಬರು ಬೇಕೇ ಎಂದು ಕೇಳಿದರು.

"ಹೌದು ಭಾವ. ನಿಮ್ಮ ತಮ್ಮನ ಕೈಗೇನೂ ಆಗಿಲ್ಲ. ಸರದಿ ನಾನು ನೋಡ್ಕೋತೀನಿ."

ಅವರು ತಮ್ಮನ ಕೈಯನ್ನೇ ನೋಡುತ್ತ ಬಾಗಿಲಲ್ಲಿ ನಿಂತರು. ಹೋಗುವಾಗ ತಿಂಗಳ ಕೊನೆಯ ಮಾತೆತ್ತಲಿಲ್ಲ.

ರಾಗಿ ಮುಗಿಯಿತು. ಅವಳು ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದಳು. ಖಾರವಿರಲಿಲ್ಲ.

"ಆಮೇಲೆ ಯಾವ್ದು, ಲೀಲಾ?"

ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡು, ಅವಳು ಮುಂದಿನ ಡಬ್ಬಿಯನ್ನು ಎತ್ತಿ ಅವನ ಮುಂದಿಟ್ಟಳು.

"ಗೋಧಿ ಕಣ್ರೀ."