ಅಣ್ಣ ಲಿಂಗ ಹಿಡದು ಕೊಟ್ಟ ಮಾತು

ನಮ್ಮಣ್ಣ ಸಿದ್ದರಾಮೇಶನ ಹೆಸರು ಎತ್ತಿದ್ರ ಈಗ ಮೈಯೆಲ್ಲಾ ಉರಿತೈತಿ. ಒಡಹುಟ್ಟಿದಾವ ಅಂತ ಬಾಯಿ ಮುಚ್ಚಿಕೊಂಡು ಕುಂದ್ರೋ ಹೆಂಗಸು ನಾ ಅಲ್ರೀ.

ಮಕ್ತಲ್ ಊರ ಹೊರಗ ಬೆಳಿಗೆ ಹೊಡಿಯೋ ಎಣ್ಣಿ ಮಾಡ್ತಿದ್ದ ಫ್ಯಾಕ್ಟರಿ ಮುಚ್ಚಿ ಬಿದ್ದಿತ್ತು. ಒಳಗ ವಿಷದ ಡ್ರಮ್ಮು ಸೋರಿ ಸೋರಿ ಸುತ್ತಲ ಬಾವಿ ನೀರೆಲ್ಲಾ ಕೆಟ್ಟಿದ್ವು. ತೆಲಂಗಾಣ ರಾಜ್ಯ ಆದಮ್ಯಾಲೆ ಸರ್ಕಾರ ಸಾಫ್ ಮಾಡಸ್ತೀವಿ ಅಂತು. ಯಾವ ಕಂಟ್ರಾಕ್ಟರೂ ಮುಂದ ಬರಲಿಲ್ಲ, ನಮ್ಮಣ್ಣ ಬಂದ. ಎದಿಗಾರ ನಮ್ಮಣ್ಣ ಅಂತ ಓಣಿ ತುಂಬ ಹೇಳಿಕೊಂಡು ತಿರುಗಿದೆ, ನನ್ನ ಬಾಯಾಗ ಮಣ್ಣು ಬೀಳಲಿ.

ಕೆಲಸಕ್ಕ ನನ್ನ ಗಂಡನ್ನೂ ಕರದ. "ಕಣ್ಣಿಗೆ, ಮುಖಕ್ಕ ಹಾಕ್ಕೊಳಾಕ ಏನೂ ಇಲ್ಲಲ್ಲೋ" ಅಂತ ಇವರು ಹಿಂದಮುಂದ ನೋಡಿದ್ರು.

"ಸಾಮಾನು ನಾಳೆ ಬರ್ತಾವ, ಅಯ್ಯಣ್ಣ ಮಾಮಾ" ಅಂದವನೇ ಅಣ್ಣ ಕೊಳ್ಳಾಗಿನ ಕರಡಿಗಿ ತಗದು ಲಿಂಗ ಅಂಗೈಯಾಗ ಇಟ್ಟುಕೊಂಡ. "ಇದರ ಮ್ಯಾಲೆ ಆಣಿ. ಏನರ ಆದ್ರ ಹೊಣಿ ನಂದು."

ಲಿಂಗ ಹಿಡದು ಯಾರರ ಸುಳ್ಳು ಹೇಳ್ತಾರೇನ್ರೀ? ಇವರು ಆವತ್ತೇ ಹೋದ್ರು. ಮಧ್ಯಾಹ್ನಕ್ಕ ಡ್ರಮ್ಮು ಒಡದು ಮುಖಕ್ಕ ಸಿಡೀತು.

ಒಂದು ಕಣ್ಣು ಹೋತು. ಇನ್ನೊಂದು, ಜಲ್ದಿ ಹೈದರಾಬಾದಿಗೆ ಒಯ್ದ್ರ ಉಳಿತೈತಿ ಅಂದ್ರು ರಾಯಚೂರಿನ ಡಾಕ್ಟರು. ಅಷ್ಟು ರೊಕ್ಕ ನಮ್ಮ ಕಡೆ ಎಲ್ಲಿಂದ ಬರಬೇಕು? ಅಣ್ಣ ಫೋನ್ ಎತ್ತವಲ್ಲ. ನಾ ನಾರಾಯಣಪೇಟಿಗೆ ಹೋಗಿ ಈ ಕೆಲಸ ನೋಡೋ ಸಾಹೇಬನ್ನ ಹಿಡದೆ.

"ಕಾಂಟ್ರಾಕ್ಟರ್ ಮೀದ ಕೇಸು ಪೆಟ್ಟಲೇರಮ್ಮಾ" ಅಂದ. ಕೇಸ್ ಹಾಕಾಕ ಬರಂಗಿಲ್ಲಂತ! ಇಂಥಾ ವಿಷದ ಕೆಲಸಕ್ಕ ಯಾರೂ ಬರವಲ್ರು ಅಂತ ಸರ್ಕಾರಾನೇ ಅಣ್ಣಗ ರಕ್ಷಣಾ ಕೊಟ್ಟೈತಂತ.

"ಹಂಗಾರ ನಮಗ ಯಾರ್ರೀ ಅದಾರ?" ಅಂದೆ. ಅಂವ ಸರ್ಕಾರದ ಆ ಕಾಗದ ತಗದು ನನ್ನ ಮುಂದ ಇಟ್ಟ.

"ಯಾವಾಗ ಕೊಟ್ರಿ ಆ ರಕ್ಷಣಾ?"

ಕೆಲಸ ಶುರು ಆಗೋಕಿಂತ ಮೊದಲೇ ಅಂತ. ಅದಿಲ್ಲಂದ್ರ ಬರಂಗಿಲ್ಲ ಅಂತ ನಮ್ಮಣ್ಣನೇ ಹಟ ಹಿಡದಿದ್ದನಂತ. ಅಂದ್ರ ತನಗೇನೂ ತಟ್ಟಂಗಿಲ್ಲ ಅಂತ ಗೊತ್ತಿದ್ದೇ ಲಿಂಗ ಹಿಡದಾನ, ಹಲ್ಕಟ್!

ಪಂಚಮಿಗೆ ಅಣ್ಣ ಸೀರಿ ತಗೊಂಡು ಬಂದ. ತಂಗೀನ ತವರಿಗೆ ಕರಿಯಾಕ ಬರೋ ಪದ್ಧತಿ ಮಾತ್ರ ತಪ್ಪಬಾರದು ನೋಡ್ರಿ. ನಾ ಸೀರಿ ಮುಟ್ಟಲಿಲ್ಲ.

"ಇವರನ್ನ ಹೈದರಾಬಾದಿಗೆ ಕರಕೊಂಡು ಹೋಗ್ತಿಯೋ ಇಲ್ಲೋ?"

"ಕಾನೂನು ಪ್ರಕಾರ ನಂದೇನಿಲ್ಲ ಗುರುಲಿಂಗೀ. ಇವತ್ತು ಒಪ್ಪಿಕೊಂಡ್ರ ನಾಳೆ ಎಲ್ಲಾರೂ ನನ್ನ ಬಾಗಿಲಿಗೆ ಬರ್ತಾರ."

"ಹಂಗಾರ ಲಿಂಗ ತಗಿ. ಹೊಣಿ ನಂದಲ್ಲ ಅಂತ ಅದರ ಮ್ಯಾಲೆ ಹೇಳು."

ಅವನ ಕೈ ಕೊಳ್ಳಾಗಿನ ಕರಡಿಗಿ ತನಕ ಹೋತು, ಅಲ್ಲೇ ನಿಂತಿತು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗ್ವಾಡಿಗೆ ಬೆನ್ನು ಹಚ್ಚಿ ಕುಂತಿದ್ದ ಇವರು ಈ ಕಡೆ ಮುಖ ಮಾಡಿದ್ರು. "ಲಿಂಗ ತಗದನೇನ? ತಗದ್ರ ಅಂವ ಸುಳ್ಳು ಹೇಳಂಗಿಲ್ಲ. ಕರಕೊಂಡು ಹೋಗ್ತಾನ ಬಿಡು."



"ಇಲ್ರೀ" ಅಂದೆ. "ಚಪ್ಪಲಿ ಹಾಕ್ಕೊಳಾಕ ಹತ್ಯಾನ."