ದಾರಿಯಲ್ಲಿ ಸಿಕ್ಕ ಮೊದಲ ಗಂಡಸು

ಮಗಳ ನಾಮಕರಣಕ್ಕೆಂದು ನೆಟ್ಟಾ ಎರಡು ವರ್ಷದ ಮೇಲೆ ತವರಿನ ಮೀನುಗಾರರ ಊರಿಗೆ ಬಂದಿದ್ದಳು. ಇಳಿದುಕೊಂಡದ್ದು ಮಾತ್ರ ಸೋದರತ್ತೆ ಗ್ರಿಜೆಲ್ ಮನೆಯಲ್ಲಿ. ಅಪ್ಪ ವಾಟ್ ಅವಳೊಡನೆ ಮಾತು ಬಿಟ್ಟೂ ಅಷ್ಟೇ ಕಾಲವಾಗಿತ್ತು. ಗ್ಲಾಸ್ಗೋದಲ್ಲಿ ಹಡಗು ಕಟ್ಟುವ ಮಾಲ್ಕಿ ಎಂಬವನನ್ನು ಮದುವೆಯಾದದ್ದು ಒಂದು ತಪ್ಪು. ಬಸುರಿಯಾದಾಗ ಬರೆದ ಕಾಗದದಲ್ಲಿ ಕೂಸನ್ನು ಗ್ಲಾಸ್ಗೋದವರ ಹಾಗೆ ‘ವೇನ್’ ಎಂದದ್ದು ಇನ್ನೊಂದು. ಈ ಕರಾವಳಿಯಲ್ಲಿ ಕೂಸೆಂದರೆ ‘ಬೇರ್ನ್’. ನಮ್ಮ ವಂಶದಲ್ಲಿ ಹುಟ್ಟುವುದೆಲ್ಲ ಬೇರ್ನ್, ವೇನ್‌ಗೀನ್ ಇಲ್ಲಿಗೆ ಬೇಡ ಎಂದು ಮುದುಕ ಹೇಳಿಕಳಿಸಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಆತನದು.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟರು. ಗ್ರಿಜೆಲ್ ಕೈಯಲ್ಲಿ ಕೂಸಿನ ಪೊಟ್ಟಣ: ಕೇಕು, ಚೀಸು, ಒಂದು ಬೆಳ್ಳಿ ನಾಣ್ಯ. ಊರಿನ ರೂಢಿಯಂತೆ, ಹೆಣ್ಣುಮಗುವಾದರೆ ಆ ಪೊಟ್ಟಣವನ್ನು ದಾರಿಯಲ್ಲಿ ಮೊದಲು ಎದುರಾದ ಗಂಡಸಿಗೆ ಕೊಡಬೇಕು. ಅವನು ತಿಂದು, ಹರಸಿ, ನಾಲ್ಕು ಹೆಜ್ಜೆ ಜೊತೆಗೆ ನಡೆಯಬೇಕು. ಒಲ್ಲೆನೆಂದರೆ ಮಗುವಿಗೆ ಏಳಿಗೆಯಿಲ್ಲ. ಹಿಂದೆ ಬರುತ್ತಿದ್ದ ಮಾಲ್ಕಿಗೆ ಇದೆಲ್ಲ ನಗೆಪಾಟಲು, ನೆಟ್ಟಾಗೆ ಮಾತ್ರ ಜೀವದ ಪ್ರಶ್ನೆ.

ಬೇಕರಿಯ ಮುಂದೆ ಒಬ್ಬ ಗಂಡಸಿಲ್ಲ. ಬಂದರಿನ ಗೋಡೆಯ ಮೇಲೆ ಸದಾ ಕೂತು ಹರಟುವ ಮುದುಕರೂ ಇಲ್ಲ. ಊರಿಗೆ ಊರೇ ತನ್ನ ಮಗುವಿಗೆ ಬೆನ್ನು ತಿರುಗಿಸಿತೇ ಎಂದುಕೊಂಡು ನೆಟ್ಟಾ ಕೂಸನ್ನು ಎದೆಗೆ ಅವಚಿಕೊಂಡಳು. ಚರ್ಚಿನ ಓಣಿಗೆ ತಿರುಗಿದರೆ, ಕರಿಯ ಕೋಟು ತೊಟ್ಟು ಅಪ್ಪ ನಿಂತಿದ್ದ.

ಇವನು ಒಲ್ಲೆನೆಂದೇ ಅನ್ನುತ್ತಾನೆ ಎಂದುಕೊಂಡಳು ನೆಟ್ಟಾ. ಬೇರೆ ಓಣಿ ಹಿಡಿಯೋಣವೆಂದರೆ ಗ್ರಿಜೆಲ್ ಕೇಳಲಿಲ್ಲ. ಕಣ್ಣಿಗೆ ಬಿದ್ದ ಮೇಲೆ ಮುಗಿಯಿತು, ಅವನೇ ಮೊದಲನೆಯವನು. ಪೊಟ್ಟಣ ಚಾಚಿದಳು. ವಾಟ್ ಅದನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಬಿಚ್ಚಿ, ಬಾಯ್ತುಂಬ ಕೇಕು ತುರುಕಿಕೊಂಡು ಅಗಿಯತೊಡಗಿದ. ಅಬ್ಬ, ನೆಟ್ಟಾಗೆ ಹೋದ ಜೀವ ಬಂದ ಹಾಗಾಯಿತು.

“ಏಳೂವರೆಯಿಂದ ನಿಂತಿದೀನಿ ಕಣೇ,” ಅಂದ. “ಎಷ್ಟು ಹೊತ್ತಿಗೆ ಹೊರಡೋದು ನೀವು?”

ಎದುರು ಮನೆಯ ಕಿಟಕಿ ತೆರೆಯಿತು. ಬೇಕರಿಯ ಟ್ಯಾಮಸ್ ತಲೆ ಹೊರಗೆ ಹಾಕಿದ.

“ಏನಪ್ಪಾ ವಾಟ್, ನಾವಿನ್ನು ಹೊರಗೆ ಬರಬಹುದಾ? ಗಂಡಸರು ಯಾರೂ ಹೊಸ್ತಿಲು ದಾಟಬಾರದು ಅಂತ ಮನೆಮನೆಗೂ ಹೇಳಿ ಹೋಗಿದ್ದೀಯಲ್ಲ.”

ನೆಟ್ಟಾಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮುದುಕನ ಮುಖ ಕೆಂಪಾಯಿತು. ಕೋಟಿಗೆ ಕೈ ಒರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಂಡ. ದೇವರು ಚೆನ್ನಾಗಿಟ್ಟಿರಲಿ ಎಂದು ಗೊಣಗಿದ. ಆಮೇಲೆ ಮಾಲ್ಕಿಯ ಕಡೆ ತಿರುಗಿದ.

“ನಡಿಯಪ್ಪ ಅಳಿಯ. ನಿನ್ನ ವೇನ್‌ಗೆ ಚಳಿ ಆಗ್ತಿದೆ.”

ನಾಲ್ಕು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಚರ್ಚಿನ ಬಾಗಿಲವರೆಗೂ ಅವನು ಮಗುವನ್ನು ಯಾರ ಕೈಗೂ ಕೊಡಲಿಲ್ಲ.