ಚೌಕಟ್ಟಿನ ಕೆಳಗಿದ್ದ ಮರಿ

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ. ಬೇವಿನ ಮರಕ್ಕೂ ವಿದ್ಯುತ್ ಕಂಬಕ್ಕೂ ನಡುವೆ ಫ್ಲೆಕ್ಸನ್ನು ಬಿಗಿದಿದ್ದ ನಾಲ್ಕು ಹಗ್ಗಗಳಲ್ಲಿ ಮೂರನ್ನು ಸೌಭಾಗ್ಯ ಕುಡುಗೋಲಿನಿಂದ ಕತ್ತರಿಸಿದ್ದಳು. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಸೋದರಮಾವ ಸೋಮಪ್ಪ ಬಂದು ಅವಳ ಮಣಿಕಟ್ಟು ಹಿಡಿದ. ಒಂದೇ ಹಗ್ಗಕ್ಕೆ ಜೋತುಬಿದ್ದ ಫ್ಲೆಕ್ಸ್ ಗಾಳಿಗೆ ಮಡಚಿಕೊಂಡು, ಅದರ ಮೇಲಿದ್ದ ಅವಳ ತಾಯಿ ತಿಪ್ಪೇರುದ್ರಮ್ಮನ ಮುಖವನ್ನು ಮುಚ್ಚಿತು. ಕೈ ಮಾತ್ರ ಉಳಿಯಿತು. ಮುಂದಕ್ಕೆ ಚಾಚಿದ, ಬರಿದಾಗಿ ತೋರುವ ಕೈ.

"ಒಳಗ ಹೆಣ ಐತಿ. ಮಗಳು ಇಲ್ಲಿ ಕುಡುಗೋಲು ಹಿಡ್ಕಂಡು ನಿಂತಾಳ. ಏನಂದಾರವ್ವಾ ಮಂದಿ?" ಎಂದ ಸೋಮಪ್ಪ.

"ಬಿಡು ಮಾವ. ಅದನ್ನ ಇಳಿಸಿ ಒಳಗ ಬರ್ತೀನಿ."

ಫ್ಲೆಕ್ಸ್ ಮಾಡಿಸಿದವನು ಅವಳ ಚಿಕ್ಕಪ್ಪನ ಮಗ ಹುಲುಗೇಶ್. ದೊಡ್ಡಮ್ಮ ಸತ್ತ ಸುದ್ದಿ ತಿಳಿದೊಡನೆ ಬೈಕಿನಲ್ಲಿ ಕೊಟ್ಟೂರಿಗೆ ಹೋಗಿ, ಅಂಗಡಿಯವನ ಕೈಕಾಲು ಹಿಡಿದು, ಮೊದಲ ಬಸ್ಸು ಬರುವುದರೊಳಗೆ ಹಟ್ಟಿಗೆ ತಂದಿದ್ದ. ಅವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿದ್ದವು.

"ನಿದ್ದಿಗೆಟ್ಟು ಮಾಡಿಸ್ಕಂಡು ಬಂದೀನಿ ಅಕ್ಕಾ. ಅದರಾಗ ಏನ್ ತಪ್ಪೈತಿ? ಹೆಸರು ತಪ್ಪೈತೇನು? ಇಸವಿ ತಪ್ಪೈತೇನು?"

"ಫೋಟೋ ಎಲ್ಲಿ ಸಿಕ್ತು ನಿನಗ?"

"ನಮ್ಮ ತಂಗಿ ಭೂಮಿಕಾನ ಪಾಠದಾಗ ಇತ್ತು. ಸಾಲ್ಯಾಗಿಂದ ಮೊಬೈಲಿಗೆ ಕಳಿಸ್ತಾರಲ್ಲ, ಅದರಾಗ. ದೊಡ್ಡವ್ವಂದು ಬ್ಯಾರೆ ಫೋಟೋ ಎಲ್ಲೈತಿ? ಆಧಾರ ಕಾರ್ಡಿನಾಗ ಮುಖಾನ ಇಲ್ಲ, ಬರೇ ಕರ್ರಗ ಐತಿ. ಇದರಾಗ ಎಷ್ಟು ಚಂದ ಬಂದಾಳ. ಮ್ಯಾಲಿನ ಅಕ್ಷರ ತೆಗೆಸೀನಿ."

"ಆ ಅಕ್ಷರ ಓದಿದಿಯೇನು?"

ಹುಲುಗೇಶ್ ಕತ್ತರಿಸಿದ ಹಗ್ಗದ ತುಂಡೊಂದನ್ನು ಬೆರಳಿಗೆ ಸುತ್ತತೊಡಗಿದ. ಓದಿದ್ದ.

ಸೌಭಾಗ್ಯ ನಾಲ್ಕನೆಯ ಹಗ್ಗವನ್ನೂ ಕತ್ತರಿಸಿದಳು. ಫ್ಲೆಕ್ಸನ್ನು ಮುಖ ಒಳಗಾಗುವಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದಳು.

*

ಆ ಚಿತ್ರ ತೆಗೆದದ್ದು ಎರಡು ವರ್ಷದ ಹಿಂದೆ, ಕೊಟ್ಟೂರಿನ ರಸ್ತೆಯ ಬದಿಯಲ್ಲಿ. ತಾಯಿ ಸತ್ತ ಮರಿಯೊಂದು ಮೂರು ದಿನದಿಂದ ಏನನ್ನೂ ತಿಂದಿರಲಿಲ್ಲ. ತಿಪ್ಪೇರುದ್ರಮ್ಮ ಹಿಂಡನ್ನು ಮುಂದೆ ಬಿಟ್ಟು, ಮೈಲಿಗಲ್ಲಿನ ಮೇಲೆ ಕುಳಿತು, ನೆನೆಸಿದ ಹುರುಳಿಯನ್ನು ಅಂಗೈಯಲ್ಲಿಟ್ಟು ಮರಿಯ ಮೂತಿಯ ಹತ್ತಿರ ಹಿಡಿದಿದ್ದಳು. ಮರಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಬಂದು ಬಾಯಿ ಹಾಕಿತು. ಆಕೆಯ ಬಾಯಿ ತಾನಾಗಿ ತೆರೆದುಕೊಂಡಿತು, ಕೂಸಿಗೆ ತುತ್ತು ಕೊಡುವವರದು ತೆರೆದುಕೊಳ್ಳುವ ಹಾಗೆ.

ಅದೇ ಹೊತ್ತಿಗೆ ಬೈಕೊಂದು ನಿಂತಿತು. ಇಳಿದವನು ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕ ಅರುಣಕುಮಾರ್.

"ಅಮ್ಮಾ, ಒಂದು ಫೋಟೋ ತಗೊಳ್ಲೇನು?"

"ನಂದ್ಯಾಕ್ರಿ ಮೇಷ್ಟ್ರ? ಮರೀದು ತಗೀರಿ. ಮೂರು ದಿನ ಹಟ ಹಿಡಿದಿತ್ತು, ಇವತ್ತು ಬಾಯಿ ಹಾಕೇತಿ."

"ಇಬ್ಬರದೂ ಬರ್ತೈತಿ ತಗೋರಿ."

"ಹಂಗಾರ ನನಗೊಂದು ಕೊಡ್ರಿ. ನನ್ನ ಮಗಳೂ ನಿಮ್ಮಂಗ ಮೇಷ್ಟ್ರು. ಆಕಿಗೆ ತೋರಿಸ್ತೀನಿ."

"ತಂದು ಕೊಡ್ತೀನಿ," ಎಂದು ಅರುಣಕುಮಾರ್ ಹೋದ.

ಆ ದಿನ ಸಂಜೆ ಆಕೆ ಮಗಳಿಗೆ ಫೋನು ಮಾಡಿ ಮರಿ ತಿಂದ ಸುದ್ದಿಯನ್ನು ಮೊದಲು ಹೇಳಿದಳು, ಫೋಟೋದ ಸುದ್ದಿಯನ್ನು ಆಮೇಲೆ. ಮಾತು ಕೊಟ್ಟವರು ನಡೆಸುತ್ತಾರೆಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ. ಗಂಡ ಸತ್ತ ಮೇಲೆ ಹಿಂಡನ್ನು ಒಬ್ಬಳೇ ಕಾದು, ಮಗಳನ್ನು ಬಿ.ಇಡಿ. ಮುಗಿಸುವವರೆಗೆ ಓದಿಸಿದ್ದು ಆಕೆಯೂ ಹಾಗೆಯೇ ಅವನಿಗೆ ಕೊಟ್ಟು ನಡೆಸಿದ ಮಾತು.

*

ಒಳಗೆ, ಕಂಬಳಿಯ ಮೇಲೆ ಮಲಗಿಸಿದ್ದ ತಿಪ್ಪೇರುದ್ರಮ್ಮನ ಹಣೆಗೆ ಭಂಡಾರ ಹಚ್ಚಿದ್ದರು. ಫೋಟೋ ಇಡಲೆಂದು ತಲೆಯ ಬಳಿ ತಂದಿಟ್ಟ ಮಣೆ ಖಾಲಿ ಇತ್ತು. ಹೆಂಗಸರ ನಡುವೆ ಹಿರಿಯಳಾದ ಬೊಮ್ಮಮ್ಮ ಎಲೆ ಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿ ಹೇಳಿದಳು:

"ಅಲ್ಲೇ ಸೌಭಾಗ್ಯಾ, ಸತ್ತಾಕಿಗೆ ಒಂದು ಪಟ ಬ್ಯಾಡೇನು? ನಾನು ಸತ್ತಾಗ ಇಲ್ಲಿಂದ ಕೊಟ್ಟೂರು ತನಕ ಕಟ್ಟಿಸ್ರಿ ಅಂತ ನನ್ನ ಮಗಗ ಹೇಳೀನಿ ನಾನು."

"ನಿನ್ನ ಬಾಯಿ ಹಿಡಿಸೋವಂಥ ಫ್ಲೆಕ್ಸು ಎಲ್ಲಿ ಸಿಗ್ತೈತವ್ವಾ," ಎಂದಳು ಮೂಲೆಯಲ್ಲಿದ್ದ ಶಿವಮ್ಮ. ಒಂದಿಬ್ಬರು ಸೆರಗಿನೊಳಗೆ ನಕ್ಕರು.

ಸೌಭಾಗ್ಯ ನಗಲಿಲ್ಲ. ಫ್ಲೆಕ್ಸನ್ನು ನೆಲದ ಮೇಲೆ ಬಿಚ್ಚಿದಳು.

"ಇದು ಎಂಟನೇ ಇಯತ್ತೆ ಪಾಠದಾಗ ಐತಿ ಬೊಮ್ಮಜ್ಜಿ. ಮ್ಯಾಲ 'ಬಡತನ' ಅಂತ ಬರದಾರ. ಕೈ ಪಕ್ಕದಾಗ 'ಸೋಮಾರಿತನ' ಅಂತ ಬರದಾರ. ಅವ್ವ ಭಿಕ್ಷೆ ಬೇಡೋಳು ಅಂತ ಕೂಡ್ಲಿಗಿಯಿಂದ ಹರಪನಹಳ್ಳಿ ತನಕ ಮಕ್ಕಳಿಗೆ ತೋರಿಸ್ಯಾರ."

ಬೊಮ್ಮಮ್ಮ ಬಗ್ಗಿ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇದು ಮರೀಗೆ ತಿನಿಸೋ ಕೈ," ಎಂದಳು. "ಬೇಡೋ ಕೈ ಹಿಂಗಿರ್ತೈತೇನು? ಮರಿ ಎಲ್ಲೈತಿ?"

"ಕತ್ತರಿಸ್ಯಾರ."

"ಈಕಿ ಒಮ್ಮಿ ನನ್ನ ಹತ್ರ ಒಂದು ಉಗುರು ಸುಣ್ಣ ಇಸ್ಕಂಡಿದ್ಲು. ಮರುದಿನ ಡಬ್ಬಿ ತುಂಬ ತಂದು ಕೊಟ್ಲು. ಯಾಕೇ ಅಂದ್ರ, ನಿನ್ನ ಬಾಯಿಗೆ ಅಂಜಿ ಅಂದ್ಲು. ಈಕಿ ಸೋಮಾರಿ? ಯಾವನವ ಹಂಗ ಬರದಾಂವ?"

"ಮಣ್ಣಿಗೆ ಬರ್ತಾನ," ಎಂದಳು ಸೌಭಾಗ್ಯ. "ಗ್ರೂಪಿನಾಗ ಸುದ್ದಿ ಹಾಕ್ಯಾರ. ಮೇಷ್ಟ್ರುಗಳೆಲ್ಲ ಬರ್ತಾರ."

ಸೋಮಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ. "ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದ.

"ಹೋದ ವರ್ಷ."

"ಒಂದು ವರ್ಷ ಸುಮ್ನಿದ್ದಿಯೇನವ್ವಾ?"

ಆ ಪ್ರಶ್ನೆಗೆ ಸೌಭಾಗ್ಯಳ ಬಳಿ ಉತ್ತರವಿತ್ತು. ಅದನ್ನು ಅಷ್ಟು ಜನರ ಮುಂದೆ ಹೇಳದೆ ಅವಳು ಫ್ಲೆಕ್ಸನ್ನು ಮತ್ತೆ ಸುತ್ತತೊಡಗಿದಳು.

*

2023ರ ಜುಲೈ. ಹಗರಿಬೊಮ್ಮನಹಳ್ಳಿಯ ಒಂದು ಸಭಾಂಗಣದಲ್ಲಿ ಐದು ತಾಲ್ಲೂಕುಗಳ ಶಿಕ್ಷಕರು ತಾವು ಸಿದ್ಧಪಡಿಸಿದ ಸ್ಲೈಡುಗಳನ್ನು ತೋರಿಸುತ್ತಿದ್ದರು. ಒಬ್ಬರು ತೋರಿಸಿದ ಮೇಲೆ ಉಳಿದವರು ಹಿಮ್ಮಾಹಿತಿ ಕೊಡಬೇಕು. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಗುರುಸಂಗಪ್ಪನವರು ನಿಯಮವನ್ನು ಬೆಳಿಗ್ಗೆಯೇ ತಿಳಿಸಿದ್ದರು: ಮೊದಲು ಎರಡು ಮೆಚ್ಚುಗೆ, ಅನಂತರ ಒಂದು ಸಲಹೆ. ಯಾರ ಮನಸ್ಸೂ ನೋಯಬಾರದು.

ಹಡಗಲಿಯ ಶಿಕ್ಷಕಿಯೊಬ್ಬರ ಸ್ಲೈಡಿನಲ್ಲಿ ಅಕ್ಷರಗಳು ಗಿರಗಿರನೆ ತಿರುಗುತ್ತ ಬಂದು ಕೂತವು. ನಾಲ್ಕು ಮೂಲೆಗೂ ಗುಲಾಬಿ ಹೂ. ಗುರುಸಂಗಪ್ಪನವರು ಹೂಗಳನ್ನು ತೆಗೆಸಿದರು. "ಚಿತ್ರ ಅಲಂಕಾರಕ್ಕಲ್ಲ. ಅದೂ ಪಾಠ ಹೇಳಬೇಕು," ಎಂದರು. ಆ ಮಾತು ಸರಿಯಾಗಿತ್ತು. ಸೌಭಾಗ್ಯ ಬರೆದುಕೊಂಡಳು.

ಮುಂದಿನ ಸರದಿ ಅರುಣಕುಮಾರನದು. ಪರದೆಯ ಮೇಲೆ ಅವಳ ತಾಯಿ ಬಂದಳು.

ಗೋಡೆಯಷ್ಟು ದೊಡ್ಡ ಮುಖ, ತೆರೆದ ಬಾಯಿ, ಚಾಚಿದ ಕೈ. ಪಕ್ಕದಿಂದ ತೆಗೆದ ಚಿತ್ರವಾದ್ದರಿಂದ ಅಂಗೈಯ ಹುರುಳಿ ಕಾಣುತ್ತಿರಲಿಲ್ಲ. ಮೇಲೆ 'ಬಡತನ: ಕಾರಣಗಳು' ಎಂದಿತ್ತು. ಅರುಣಕುಮಾರ್ ಗುಂಡಿ ಒತ್ತಿದ. ಟಣ್ ಎಂಬ ಸದ್ದಿನೊಂದಿಗೆ 'ಅನಕ್ಷರತೆ' ಬಂತು. ಮತ್ತೆ ಒತ್ತಿದ. 'ಸೋಮಾರಿತನ' ಬಂದು ಕೈಯ ಪಕ್ಕದಲ್ಲಿ ನಿಂತಿತು.

"ಇದು ಚಿತ್ರ ಅಂದ್ರ," ಎಂದರು ಗುರುಸಂಗಪ್ಪ. "ನೋಡಿದ ಕೂಡ್ಲೇ ವಿಷಯ ತಿಳೀತೈತಿ. ಕೆಳಗ ಇನ್ನೂ ಏನಾದ್ರೂ ಇತ್ತೇನು?"

"ಒಂದು ಕುರಿಮರಿ ಇತ್ರಿ ಸಾರ್. ಮಕ್ಕಳ ಗಮನ ಅತ್ತ ಹೋಗ್ತೈತಿ ಅಂತ ಕತ್ತರಿಸಿದೆ."

"ಒಳ್ಳೇದು ಮಾಡೀರಿ. ಸೌಭಾಗ್ಯ ಮೇಡಂ, ನಿಮ್ಮ ಹಿಮ್ಮಾಹಿತಿ?"

ಅವಳು ಎದ್ದು ನಿಂತಳು. 'ಆಕಿ ನಮ್ಮವ್ವ' ಎಂಬುದು ಎರಡು ಪದ. ಆ ಎರಡು ಪದ ಬಾಯಿಗೆ ಬರಲಿಲ್ಲ. ನಿಯಮ ಬಂತು.

"ಚಿತ್ರ ಸ್ಪಷ್ಟ ಐತ್ರಿ," ಎಂದಳು. "ಅಕ್ಷರ ಹಿಂದಿನ ಬೆಂಚಿಗೂ ಕಾಣ್ತಾವ. ಸಲಹೆ ಅಂದ್ರ... ಅವ್ರ ಹೆಸರು ಹಾಕಬಹುದಿತ್ತು."

"ಹೆಸರು ಕೇಳ್ಲಿಲ್ಲ ಮೇಡಂ. ಬೇಕಾಗೋದೂ ಇಲ್ಲ. ಇಂಥೋರು ಪ್ರತಿ ಊರಾಗೂ ಅದಾರ."

ಸಭೆ ಚಪ್ಪಾಳೆ ತಟ್ಟಿತು. ಪಕ್ಕದವರು ನೋಡುತ್ತಾರೆಂದು ಸೌಭಾಗ್ಯಳೂ ತಟ್ಟಿದಳು.

ಮರುದಿನ ಅರುಣಕುಮಾರನಿಗೆ ಫೋನು ಮಾಡಿ, ಚಿತ್ರದಲ್ಲಿರುವುದು ತನ್ನ ತಾಯಿಯೆಂದು ತಿಳಿಸಿದಳು. ಅವನು ಸರಿಪಡಿಸುವೆನೆಂದ. ಎರಡು ವಾರದ ಮೇಲೆ ಪರಿಷ್ಕೃತ ಸ್ಲೈಡು ಬಂತು. ಚಿತ್ರ ಅದೇ. ಮರಿ ಇರಲಿಲ್ಲ. ಕಣ್ಣುಗಳ ಮೇಲೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಎಳೆದಿತ್ತು. 'ಈಗ ಯಾರೂ ಗುರುತು ಹಿಡಿಯೋದಿಲ್ಲ ಮೇಡಂ' ಎಂದು ಕೆಳಗೆ ಬರೆದಿದ್ದ. ಪತ್ರಿಕೆಯಲ್ಲಿ ಕಳವಿನ ಆರೋಪಿಗಳ ಚಿತ್ರಕ್ಕೆ ಎಳೆಯುವಂಥದೇ ಪಟ್ಟಿ. ಹಳೆಯದು ಹಳೆಯದಾಗಿಯೇ ಊರೂರು ತಿರುಗುತ್ತಿತ್ತು, ಹೊಸದು ಅದರ ಹಿಂದೆ ಹೊರಟಿತು.

ಮರುವರ್ಷದ ದಸರೆಗೆ ಮನೆಗೆ ಬಂದಾಗ ತಾಯಿ ಕೇಳಿದಳು: "ಆ ಮೇಷ್ಟ್ರು ಸಿಕ್ಕಿದ್ನೇನು? ಮರಿ ಬೆಳದು, ಈದು, ತಾನ ಎರಡು ಮರಿ ಹಾಕೇತಿ. ಫೋಟೋ ಇನ್ನೂ ಬರ್ಲಿಲ್ಲ."

"ಮರ್ತಿರಬೇಕವ್ವಾ."

"ಮೇಷ್ಟ್ರುಗಳು ಹಂಗ ಮರಿಯಂಗಿಲ್ಲ. ಕೆಲಸ ಇರ್ತೈತಿ ಪಾಪ. ನೀನು ನೆನಪು ಮಾಡು."

*

ಮಧ್ಯಾಹ್ನ ಹೊಲದಂಚಿನಲ್ಲಿ, ಗಂಡನ ಸಮಾಧಿಯ ಪಕ್ಕದಲ್ಲಿ ತಿಪ್ಪೇರುದ್ರಮ್ಮನನ್ನು ಇಳಿಸಿದರು. ಗಂಡುಮಕ್ಕಳಿಲ್ಲದ ಕಾರಣ ಮೊದಲ ಹಿಡಿ ಮಣ್ಣನ್ನು ಮಗಳೇ ಕೊಟ್ಟಳು. ಆಮೇಲೆ ಸೋಮಪ್ಪ, ಹುಲುಗೇಶ್, ಹಟ್ಟಿಯ ಜನ. ಕೊನೆಗೆ ಶಿಕ್ಷಕರು ಸಾಲಾಗಿ ಬಂದರು. ಅವರಲ್ಲಿ ನಾಲ್ಕನೆಯವನಾಗಿ ಬಂದ ಅರುಣಕುಮಾರ್ ಚಪ್ಪಲಿ ಬಿಟ್ಟು, ಬಗ್ಗಿ, ಬಲಗೈಯಲ್ಲಿ ಮಣ್ಣು ತೆಗೆದುಕೊಂಡ.

"ನಿಲ್ರಿ ಸಾರ್," ಎಂದಳು ಸೌಭಾಗ್ಯ.

ಅವನು ನಿಂತ.

"ಆಕಿಗೆ ಒಂದು ಫೋಟೋ ಕೊಡ್ತೀನಿ ಅಂದಿದ್ರಿ. ತಂದೀರೇನು?"

"ಮೇಡಂ, ಈಗ..."

"ಮರಿ ಇರೋದು. ಪೂರ್ತಿ ಇರೋದು. ಮೊಬೈಲಿನಾಗ ಇದ್ರೂ ಆತು, ತೋರಿಸ್ರಿ. ಇಲ್ಲಿ ಎಲ್ರೂ ಅದಾರ, ನೋಡ್ಲಿ."

ಅರುಣಕುಮಾರ್ ಜೊತೆಯವರ ಕಡೆ ನೋಡಿದ. ಅವರು ಗುಂಡಿಯ ಕಡೆ ನೋಡುತ್ತಿದ್ದರು.

"ಅದು ಇಲ್ರಿ," ಎಂದ. "ಮೊಬೈಲಿನಾಗ ಜಾಗ ಇರ್ಲಿಲ್ಲ. ಕತ್ತರಿಸಿದ್ದನ್ನ ಇಟ್ಕೊಂಡು ಪೂರ್ತಿದು ಅಳಿಸಿದೆ."

"ಅಳಿಸಿದ್ರಿ."

"ನಾನು ಕೆಟ್ಟ ಮನಸ್ಸಿನಿಂದ ಮಾಡಿಲ್ಲ ಮೇಡಂ. ಎಲ್ರೂ ಚಲೋ ಐತಿ ಅಂದ್ರು. ನೀವೂ ಅವತ್ತು ಸ್ಪಷ್ಟ ಐತಿ ಅಂದ್ರಿ."

ಸೋಮಪ್ಪ ಸೊಸೆಯ ಮುಖ ನೋಡಿದ. ಸೌಭಾಗ್ಯ ತಲೆ ತಗ್ಗಿಸಲಿಲ್ಲ.

"ಅಂದೀನಿ," ಎಂದಳು. "ಚಪ್ಪಾಳೇನೂ ತಟ್ಟೀನಿ. ಅದನ್ನ ಆಕಿ ಮುಂದ ಇವತ್ತು ಬೆಳಿಗ್ಗೆ ಹೇಳೀನಿ, ನೀರು ಹಾಕೋ ಮುಂದ. ಆಕಿ ಕೇಳ್ಲಿಲ್ಲ, ಅದು ಬ್ಯಾರೆ ಮಾತು. ನನ್ನ ಪಾಲು ನಾ ಹೊರ್ತೀನಿ. ನಿಮ್ಮದು ನೀವು ಹೊರ್ರಿ."

"ಏನ್ ಮಾಡ್ಲಿ ಹೇಳ್ರಿ. ಈಗಿಂದೀಗ ತೆಗಿತೀನಿ."

"ನಿಮ್ಮದು ತೆಗೀತೀರಿ. ಕೂಡ್ಲಿಗಿಯಾಗಿಂದು ಯಾರು ತೆಗೀತಾರ? ಹಡಗಲಿಯಾಗಿಂದು? ಯಾವ ಯಾವ ಸಾಲಿಗೆ ಕಳಿಸೀರೋ ಆ ಸಾಲಿಗೆಲ್ಲ ಹೋಗ್ರಿ. ಮಕ್ಕಳ ಮುಂದ ನಿಂತು ಹೇಳ್ರಿ, ಈಕಿ ತಿಪ್ಪೇರುದ್ರಮ್ಮ, ಮರೀಗೆ ಹುರುಳಿ ತಿನಿಸ್ತಿದ್ಲು, ನಾನು ಮರಿ ಕತ್ತರಿಸಿ ಸುಳ್ಳು ತೋರಿಸಿದೆ ಅಂತ. ಹೇಳಿ ಮುಗಿಸಿ ಬರ್ರಿ. ಅವತ್ತು ಈ ಮಣ್ಣು ಹಾಕೀರಂತ."

"ಮಣ್ಣು ಬ್ಯಾಡ ಅನಬಾರದವ್ವಾ," ಎಂದ ಸೋಮಪ್ಪ ಮೆಲ್ಲಗೆ. "ವೈರೀನೂ ಕೊಡ್ತಾನ."

"ಬ್ಯಾಡ ಅಂದಿಲ್ಲ ಮಾವ. ಆಮ್ಯಾಲ ಅಂದೀನಿ."

"ಆಕಿ ಅಂದಿದ್ದು ಸರಿ ಐತಿ," ಎಂದಳು ಬೊಮ್ಮಮ್ಮ ಹಿಂದಿನಿಂದ. "ಎಳೀರಿ ಮಣ್ಣು. ಬಿಸಿಲು ಏರ್ತೈತಿ."

ಸಲಿಕೆಗಳು ಎದ್ದವು. ಗುಂಡಿ ತುಂಬಿತು. ಜನ ಕೊಳವೆ ಬಾವಿಯ ಬಳಿ ಕೈಕಾಲು ತೊಳೆದುಕೊಂಡು, ಹಿಂದೆ ತಿರುಗಿ ನೋಡದೆ ಹಟ್ಟಿಯ ಕಡೆ ನಡೆದರು. ಶಿಕ್ಷಕರೂ ತೊಳೆದುಕೊಂಡರು. ಅರುಣಕುಮಾರ್ ನೀರಿನ ಹತ್ತಿರ ಹೋದವನು ಕೈ ತೊಳೆಯದೆ ಸರಿದು ನಿಂತ. ಹೊಲದ ಬದುವಿನಲ್ಲಿ ನಿಲ್ಲಿಸಿದ್ದ ಬೈಕಿನ ಮೇಲೆ ಕುಳಿತು, ಕೀಲಿಯನ್ನು ಎಡಗೈಯಿಂದ ತಿರುಗಿಸಿದ. ಎಂಜಿನ್ ಹತ್ತಿತು. ಹಿಂದೆ ಕುಳಿತವನು, ಹೊರಡ್ರಿ ಸಾರ್, ಎಂದ. ಬೈಕು ಅಲ್ಲಿಯೇ ನಿಂತು ಗುರುಗುಟ್ಟುತ್ತಿತ್ತು. ಹಿಡಿಕೆಯ ಮೇಲೆ ಇಟ್ಟಿದ್ದ ಬಲಗೈ ಮಣ್ಣಿನ ಮುಷ್ಟಿಯನ್ನು ಬಿಚ್ಚಿರಲಿಲ್ಲ.